‘ಬಾರ್’: ಒಂದು ಕಿರುಪದದ ಹಲವು ಮೂಲಗಳು – ಕಲಬುರಗಿ ಪರಿಸರವನ್ನು ಅನುಲಕ್ಷಿಸಿ

ಕಲಬುರಗಿ ನಗರದ ಜಗತ್ ವೃತ್ತದಲ್ಲಿ ನಿಂತು ಸುತ್ತಲಿನ ಫಲಕಗಳನ್ನು ಓದುವವರಿಗೆ ಕನ್ನಡ, ಉರ್ದು, ಇಂಗ್ಲಿಷ್ ಮೂರು ಭಾಷೆಗಳೂ ಒಟ್ಟಿಗೆ ಎದುರಾಗುತ್ತವೆ. ಆ ಸ್ಥಳಕ್ಕೆ ಹೆಸರಾಗಿರುವ ‘ಜಗತ್’ ಎಂಬ ರೂಪವೇ ಶಬ್ದಾಭ್ಯಾಸಿಗೆ ಒಂದು ಮೊದಲ ಪಾಠವಾಗಬಲ್ಲದು. ಸಂಸ್ಕೃತದಲ್ಲಿ ಅದು ಚಲನೆಯನ್ನು ಹೇಳುವ ಧಾತುವಿನಿಂದ ಹುಟ್ಟಿ ‘ಚಲಿಸುವುದು’, ಆ ಮೂಲಕ ‘ಲೋಕ’ ಎಂಬ ಅರ್ಥವನ್ನು ಪಡೆದಿದೆ. ಹಿಂದಿಯಲ್ಲಿ ಬಾವಿಯ ಸುತ್ತ ಎತ್ತರಿಸಿ ಕಟ್ಟಿದ ಕಟ್ಟೆಗೂ ‘ಜಗತ್’ ಎಂದೇ ಹೆಸರು. ರೂಪ ಒಂದಾದ ಮಾತ್ರಕ್ಕೆ ಶಬ್ದ ಒಂದೇ ಆಗಬೇಕಿಲ್ಲ ಎಂಬ ತತ್ತ್ವವು ಇಲ್ಲಿ ಸ್ಪಷ್ಟವಾಗುತ್ತದೆ.

ಈ ತತ್ತ್ವವನ್ನು ಪರೀಕ್ಷಿಸಲು ‘ಬಾರ್’ ಎಂಬ ಏಕಾಕ್ಷರ ಪದಕ್ಕಿಂತ ತಕ್ಕ ಉದಾಹರಣೆ ದೊರೆಯುವುದು ವಿರಳ. ಅದು ಇಂಗ್ಲಿಷಿನಿಂದ ಬಂದ ಚಿಕ್ಕ ಪದವೆಂದೇ ಸಾಮಾನ್ಯ ತಿಳಿವಳಿಕೆ. ಮದ್ಯದಂಗಡಿಯ ಫಲಕ, ನ್ಯಾಯಾಲಯದ ಆವರಣದ ವಕೀಲರ ಸಂಘ, ಕಿರಾಣಿ ಅಂಗಡಿಯ ಬಟ್ಟೆ ಸೋಪು, ಕಟ್ಟಡ ಕಟ್ಟುವಲ್ಲಿನ ಕಬ್ಬಿಣದ ಸರಳು – ಈ ಎಲ್ಲೆಡೆಯೂ ಇಂಗ್ಲಿಷಿನ ‘ಬಾರ್’ ಇದೆ. ಆದರೆ ಅದು ಬರುವುದಕ್ಕೆ ಎಷ್ಟೋ ಮೊದಲೇ ಇದೇ ಉಚ್ಚಾರದ ಹಲವು ಪದಗಳು ಈ ಪ್ರದೇಶದ ಮಾತಿನಲ್ಲಿ ನೆಲೆಸಿದ್ದವು. ಅವುಗಳಲ್ಲಿ ಕೆಲವು ದೇಶ್ಯ, ಕೆಲವು ಫಾರಸಿ ಮೂಲದವು, ಕೆಲವು ಪ್ರಾಕೃತದ ದಾರಿಯಲ್ಲಿ ಬಂದವು. ಕೇಶಿರಾಜನಂತಹ ವೈಯಾಕರಣರ ಪರಂಪರೆಯು ಶಬ್ದಗಳನ್ನು ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯ ಎಂದು ವಿಂಗಡಿಸುತ್ತ ಬಂದಿದೆ. ‘ಬಾರ್’ ಎಂಬ ಒಂದೇ ಧ್ವನಿರೂಪದ ಸುತ್ತ ಈ ವರ್ಗಗಳು ಬಹುಮಟ್ಟಿಗೆ ಒಟ್ಟುಗೂಡಿರುವುದು ಗಮನಾರ್ಹವಾಗಿದೆ. ಅವುಗಳನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1. ಇಂಗ್ಲಿಷಿನ ‘ಬಾರ್’

ಇಂಗ್ಲಿಷಿಗೆ ಈ ಪದ ಹಳೆಯ ಫ್ರೆಂಚಿನ ‘ಬಾರ್’ ಎಂಬುದರಿಂದ ಬಂದಿತು. ಅದಕ್ಕೂ ಹಿಂದೆ ಜನಬಳಕೆಯ ಲ್ಯಾಟಿನ್ನಿನ ‘ಬಾರ್ರ’ ಎಂಬ ರೂಪವನ್ನು ವಿದ್ವಾಂಸರು ಊಹಿಸುತ್ತಾರೆ. ಮೂಲಾರ್ಥ ಬಾಗಿಲಿಗೋ ದ್ವಾರಕ್ಕೋ ಅಡ್ಡಲಾಗಿ ಹಾಕುವ ಮರದ ಅಥವಾ ಲೋಹದ ತೊಲೆ. ಕನ್ನಡದ ‘ಅಗುಳಿ’ಗೆ ಹತ್ತಿರವಾದುದು. ಇಂಗ್ಲಿಷಿನಲ್ಲಿ ಇಂದು ಕಾಣುವ ಹತ್ತಾರು ಅರ್ಥಗಳು ಈ ಒಂದು ಚಿತ್ರದಿಂದ ಎರಡು ದಿಕ್ಕಿಗೆ ಹರಿದಿವೆ. ಆಕಾರವನ್ನು ಹಿಡಿದು ಹೊರಟ ಕವಲಿನಲ್ಲಿ ‘ಉದ್ದನೆಯ ಗಟ್ಟಿ’ ಎಂಬ ಅರ್ಥ ಮುಖ್ಯವಾಯಿತು: ಕಬ್ಬಿಣದ ಸರಳು, ಸಾಬೂನಿನ ಗಟ್ಟಿ, ಚಾಕೊಲೇಟಿನ ತುಂಡು, ಸಂಗೀತದ ಬರಹದಲ್ಲಿ ಎಳೆಯುವ ಲಂಬರೇಖೆ. ಕಾರ್ಯವನ್ನು ಹಿಡಿದು ಹೊರಟ ಕವಲಿನಲ್ಲಿ ‘ತಡೆ’ ಎಂಬ ಅರ್ಥ ಮುಖ್ಯವಾಯಿತು: ನದೀಮುಖದಲ್ಲಿ ಹಡಗಿಗೆ ಅಡ್ಡ ಬರುವ ಮರಳದಿಬ್ಬ, ಕಾನೂನಿನ ನಿರ್ಬಂಧ, ನ್ಯಾಯಾಲಯದ ಕಟಕಟೆ.

ನ್ಯಾಯಾಲಯ ಮತ್ತು ಮದ್ಯದಂಗಡಿ ಒಂದೇ ಹೆಸರನ್ನು ಹೇಗೆ ಪಡೆದವು ಎಂಬುದು ಅನೇಕರ ಪ್ರಶ್ನೆ. ಎರಡಕ್ಕೂ ಕಾರಣ ಒಂದು ಅಡ್ಡಗಟ್ಟೆಯೇ ಆಗಿದೆ. ನ್ಯಾಯಾಲಯದ ಸಭಾಂಗಣದಲ್ಲಿ ನ್ಯಾಯಾಧೀಶರ ಸ್ಥಾನವನ್ನೂ ಉಳಿದವರ ಸ್ಥಾನವನ್ನೂ ಬೇರ್ಪಡಿಸುವ ಕಟಾಂಜನವಿರುತ್ತಿತ್ತು. ಲಂಡನ್ನಿನ ಕಾನೂನು ಶಿಕ್ಷಣ ಸಂಸ್ಥೆಗಳ ಸಭಾಂಗಣಗಳಲ್ಲಿಯೂ ಹಿರಿಯರನ್ನು ವಿದ್ಯಾರ್ಥಿಗಳಿಂದ ಬೇರ್ಪಡಿಸುವ ಅಂಥದೇ ತಡೆಯಿತ್ತು. ಆ ತಡೆಯ ಬಳಿಗೆ ಕರೆಸಿಕೊಳ್ಳುವ ಅರ್ಹತೆ ಪಡೆದವನು ‘ಬ್ಯಾರಿಸ್ಟರ್’ ಆದನು. ಮುಂದೆ ಕಟಾಂಜನದ ಹೆಸರು ಅದರ ಬಳಿ ನಿಲ್ಲುವ ವಕೀಲರ ಸಮುದಾಯಕ್ಕೆ ಸಂದಿತು. ಮದ್ಯ ಮಾರುವಲ್ಲಿ ಮಾರುವವನಿಗೂ ಕೊಳ್ಳುವವನಿಗೂ ನಡುವೆ ಇದ್ದ ಕಟ್ಟೆಗೆ ಹದಿನಾರನೆಯ ಶತಮಾನದ ಕೊನೆಯ ವೇಳೆಗೆ ಇದೇ ಹೆಸರು ಬಂದಿತು. ಬಳಿಕ ಕಟ್ಟೆಯ ಹೆಸರೇ ಕೋಣೆಗೆ, ಕೋಣೆಯ ಹೆಸರೇ ಅಂಗಡಿಗೆ ವಿಸ್ತರಿಸಿತು. ಭಾಗದ ಹೆಸರು ಇಡಿಯದಾಗುವ ಲಕ್ಷಣಾವೃತ್ತಿಗೆ ಇದೊಂದು ನಿದರ್ಶನ.

2. ಕನ್ನಡದಲ್ಲಿ ಇಂಗ್ಲಿಷಿನ ‘ಬಾರ್’

ಕನ್ನಡವು ಈ ಅರ್ಥಗಳೆಲ್ಲವನ್ನೂ ಸ್ವೀಕರಿಸಲಿಲ್ಲ, ಆಯ್ದುಕೊಂಡಿತು. ನದೀಮುಖದ ಸಂದರ್ಭಕ್ಕೆ ಕರಾವಳಿಯವರಿಗೆ ‘ಅಳಿವೆ’ ಎಂಬ ತಮ್ಮದೇ ಪದವಿದ್ದುದರಿಂದ ಹೊಸದೊಂದು ಬೇಕಾಗಲಿಲ್ಲ. ಕಬ್ಬಿಣದ ವಿಷಯದಲ್ಲಿ ‘ಸರಳು’, ‘ಸಲಾಕೆ’, ‘ಹಾರೆ’ಗಳು ಗಟ್ಟಿಯಾಗಿ ನಿಂತವು. ‘ಬಾರ್ ಸೋಪು’ ಮಾತ್ರ ಮನೆಮಾತಿಗೆ ಸೇರಿತು; ಉದ್ದನೆಯ ಗಟ್ಟಿಯಾಗಿ ಮಾರಾಟಕ್ಕೆ ಬಂದು ಬೇಕಾದಷ್ಟು ಕತ್ತರಿಸಿಕೊಳ್ಳುತ್ತಿದ್ದ ಬಟ್ಟೆ ಸಾಬೂನು ಹೊಸ ವಸ್ತುವಾಗಿದ್ದುದರಿಂದ ಹೊಸ ಹೆಸರನ್ನು ತಂದಿತು.

ನ್ಯಾಯಾಂಗದ ಪರಿಭಾಷೆಯಲ್ಲಿ ನಡೆದುದು ಇನ್ನೂ ಕುತೂಹಲಕರ. ಇಂಗ್ಲಿಷಿನಲ್ಲಿ ‘ಬೆಂಚ್’ ಮತ್ತು ‘ಬಾರ್’ ಜೋಡಿಪದಗಳು. ಕನ್ನಡದಲ್ಲಿ ‘ಬೆಂಚ್’ಗೆ ‘ಪೀಠ’ ಎಂಬ ಯುಕ್ತ ಪದ ದೊರೆಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು 2008ರಲ್ಲಿ ಕಲಬುರಗಿಯಲ್ಲಿ ಆರಂಭವಾಗಿ 2013ರಲ್ಲಿ ಕಾಯಂ ಪೀಠವಾದಾಗ ಆ ಪದ ಜನರ ನಾಲಿಗೆಯ ಮೇಲೆ ಸಲೀಸಾಗಿ ನೆಲೆಸಿತು. ‘ಬಾರ್’ಗೆ ಮಾತ್ರ ಕಟಾಂಜನದ ಚಿತ್ರವನ್ನು ಉಳಿಸುವ ಪದ ಹುಟ್ಟಲಿಲ್ಲ. 1961ರ ವಕೀಲರ ಅಧಿನಿಯಮದಂತೆ ರೂಪುಗೊಂಡ ಸಂಸ್ಥೆಯನ್ನು ಕನ್ನಡದಲ್ಲಿ ‘ವಕೀಲರ ಪರಿಷತ್ತು’ ಎಂದೇ ಕರೆಯಲಾಗುತ್ತದೆ. ಇಲ್ಲಿನ ‘ವಕೀಲ’ ಅರಬ್ಬಿ ಮೂಲದ್ದು. ಅಂದರೆ ಇಂಗ್ಲಿಷಿನ ಹೊಸ ಪದಕ್ಕೆ ಕನ್ನಡವು ಕೊಟ್ಟ ಅನುವಾದದೊಳಗೆ ಹಿಂದೆಯೇ ಬಂದು ಮನೆಯವನಾಗಿದ್ದ ಮತ್ತೊಂದು ಅನ್ಯದೇಶ್ಯ ಪದವಿದೆ.

ಮದ್ಯದ ಸಂದರ್ಭದಲ್ಲಿ ‘ಬಾರ್’ ಹಳೆಯ ಪದಗಳನ್ನು ಅಳಿಸಲಿಲ್ಲ. ಅವುಗಳಿಂದ ಬೇರೆಯಾದ ಒಂದು ಸಾಮಾಜಿಕ ಸ್ಥಾನವನ್ನು ಪಡೆಯಿತು. ಈಚಲಿನ ‘ಸಿಂದಿ’, ‘ಸೆರೆ’, ‘ಸಾರಾಯಿ’ ಎಂಬ ಪದಗಳು ಪಾನೀಯದ ಬಗೆಯನ್ನೂ ಕುಡಿಯುವವರ ಸ್ತರವನ್ನೂ ಸೂಚಿಸುತ್ತಿದ್ದವು. 1968ರ ಅಬಕಾರಿ ನಿಯಮಗಳಲ್ಲಿ ಕುಳಿತು ಕುಡಿಯಲು ಅವಕಾಶವಿರುವ ಉಪಾಹಾರ ಕೊಠಡಿಯ ಪರವಾನಗಿಗೆ ‘ಬಾರ್’ ಎಂಬ ಹೆಸರು ಸೇರಿದೆ. ಕೊಂಡು ಒಯ್ಯುವ ಅಂಗಡಿಯ ಪರವಾನಗಿಯೇ ಬೇರೆ. ಕಾನೂನಿನ ಈ ಭೇದ ಜನಭಾಷೆಯಲ್ಲಿ ‘ಬಾರ್’ ಮತ್ತು ‘ವೈನ್ ಶಾಪ್’ ಎಂಬ ಭೇದವಾಗಿ ಉಳಿದಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ‘ಸಾರಾಯಿ ಅಂಗಡಿ’ ಎಂಬ ಮಾತು ಕ್ರಮೇಣ ನೆನಪಿನ ಪದವಾಯಿತು.

3. ಒತ್ತಡದ ‘ಬಾರ್’

ಹವಾಮಾನ ವರದಿಗಳಿಂದ ಪರಿಚಿತವಾದ ‘ಮಿಲಿಬಾರ್’ನಲ್ಲಿರುವ ‘ಬಾರ್’ ಇಂಗ್ಲಿಷಿನಲ್ಲಿಯೇ ಬೇರೊಂದು ಪದ. ತೂಕ ಎಂಬರ್ಥದ ಗ್ರೀಕಿನ ‘ಬಾರೋಸ್’ ಇದರ ಮೂಲ. ವಾಯುಭಾರಮಾಪಕದ ಹೆಸರಾದ ‘ಬ್ಯಾರೊಮೀಟರ್’ನಲ್ಲಿರುವುದೂ ಇದೇ. ಒಂದು ಬಾರ್ ಎಂದರೆ 1,00,000 ಪ್ಯಾಸ್ಕಲ್. ಗ್ರೀಕಿನಲ್ಲಿ ‘ಭಾರವಾದ’ ಎಂಬರ್ಥದ ‘ಬರೂಸ್’ ಪದವು ಸಂಸ್ಕೃತದ ‘ಗುರು’ ಶಬ್ದಕ್ಕೆ ಸಜಾತಿ ಎಂಬುದು ತೌಲನಿಕ ಭಾಷಾವಿಜ್ಞಾನದಲ್ಲಿ ಒಪ್ಪಿತವಾದ ವಿಷಯ. ಆದುದರಿಂದ ಒತ್ತಡದ ‘ಬಾರ್’ಗೂ ಕನ್ನಡಿಗರ ‘ಭಾರ’ಕ್ಕೂ ಧ್ವನಿಯಲ್ಲಿ, ಅರ್ಥದಲ್ಲಿ ಎಷ್ಟೇ ಸಾಮ್ಯವಿದ್ದರೂ ಹುಟ್ಟಿನಲ್ಲಿ ಸಂಬಂಧವಿಲ್ಲ, ಅದರ ನಿಜವಾದ ಬಂಧು ‘ಗುರು’. ಧ್ವನಿಸಾಮ್ಯವನ್ನು ನಂಬಿ ನಿರುಕ್ತಿ ಹೇಳುವವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಾಗಿಲ್ಲ.

4. ಫಾರಸಿಯ ‘ಬಾರ್’ಗಳು

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ಅದರ ರಾಜಧಾನಿಯಾಯಿತು. ಅಂದಿನಿಂದ 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಳ್ಳುವವರೆಗೆ ಆರು ಶತಮಾನಗಳ ಕಾಲ ಈ ಪ್ರದೇಶದ ಆಡಳಿತದ ಮೇಲೆ ಫಾರಸಿ ಹಾಗೂ ಮುಂದೆ ಉರ್ದುವಿನ ಪ್ರಭಾವ ದಟ್ಟವಾಗಿತ್ತು. ಆ ಕಾರಣ ಫಾರಸಿಯ ಹಲವು ‘ಬಾರ್’ಗಳು ಬಿಡಿಯಾಗಿಯಲ್ಲದಿದ್ದರೂ ಸಮಾಸಗಳ ಒಳಗೆ ಕುಳಿತು ಇಲ್ಲಿನ ಕನ್ನಡಕ್ಕೆ ಬಂದವು. ಫಾರಸಿಯಲ್ಲಿಯೂ ಅವು ಒಂದೇ ಪದವಲ್ಲ.

ಮೊದಲನೆಯದು ಹೊರೆ ಎಂಬರ್ಥದ ‘ಬಾರ್’. ಇದು ಸಂಸ್ಕೃತದ ‘ಭಾರ’ದ ನಿಜವಾದ ಸೋದರ ಪದ, ಹೊರು ಎಂಬರ್ಥದ ಇಂಗ್ಲಿಷಿನ ‘ಬೇರ್’ ಕ್ರಿಯಾಪದವೂ ಇದೇ ಕುಲದ್ದು. ತೊಗರಿಯ ಕಣಜವೆನಿಸಿದ ಕಲಬುರಗಿಯ ಮಾರುಕಟ್ಟೆಯಲ್ಲಿ ಖಾಲಿ ಗೋಣಿಚೀಲಕ್ಕೆ ‘ಬಾರದಾನ’ ಎನ್ನುತ್ತಾರೆ. ಸರಕನ್ನು ತುಂಬುವ, ಕಟ್ಟುವ ಸಾಧನ ಎಂಬರ್ಥದ ಫಾರಸಿಯ ‘ಬಾರ್ದಾನ’ ಇದರ ಮೂಲ. ತೊಗರಿಯ ತೂಕದಲ್ಲಿ ಚೀಲದ ತೂಕವನ್ನು ಕಳೆಯುವಾಗ, ಖರೀದಿ ಕೇಂದ್ರದಲ್ಲಿ ಚೀಲವಿಲ್ಲದೆ ಖರೀದಿ ನಿಂತಾಗ ಈ ಪದ ರೈತನ ಹಣದ ಪ್ರಶ್ನೆಯಾಗುತ್ತದೆ. ಹಾಗಿದ್ದೂ ಇಂಥ ಪದಗಳು ‘ಪ್ರಾದೇಶಿಕ’ ಎಂಬ ಕಾರಣಕ್ಕೆ ಪಠ್ಯಗಳಿಂದ ದೂರ ಉಳಿದಿವೆ.

ಬಂದೂಕಿಗೆ, ತೋಪಿಗೆ ಮದ್ದು ತುಂಬುವುದನ್ನು ಹೇಳುವ ‘ಬಾರು ಮಾಡು’ ಎಂಬ ನುಡಿಗಟ್ಟಿನಲ್ಲಿಯೂ ‘ಹೇರು’ ಎಂಬ ಈ ಅರ್ಥವೇ ಇದೆ. ಮರಾಠಿಯಲ್ಲಿ ಅದು ತುಂಬಿದ ಮದ್ದಿಗೂ ಹಾರಿಸಿದ ಗುಂಡಿನ ಸದ್ದಿಗೂ ಹೆಸರಾಗಿದೆ.

ಎರಡನೆಯದು ಅರಸನ ಭೇಟಿ, ಸಭಾಪ್ರವೇಶ ಎಂಬರ್ಥದ ‘ಬಾರ್’. ಬಾಗಿಲು ಎಂಬರ್ಥದ ‘ದರ್’ ಇದರೊಡನೆ ಸೇರಿ ‘ದರ್ಬಾರ್’ ಆಯಿತು. ಸ್ಥಳವಾಚಿಯಾದ ‘ಗಾಹ್’ ಸೇರಿದಾಗ ‘ಬಾರ್ಗಾಹ್’, ಅಂದರೆ ದರ್ಶನ ದೊರೆಯುವ ಸ್ಥಾನ. ಸೂಫಿ ಪರಂಪರೆಯಲ್ಲಿ ಸಂತರ ಸನ್ನಿಧಿಯನ್ನು ಅರಸನ ಸಭೆಗೆ ಸಮಾನವಾಗಿ ಕಾಣುವ ರೂಢಿಯಿರುವುದರಿಂದ ದರ್ಗಾಗಳಿಗೂ ಈ ಗೌರವದ ಹೆಸರು ಸಲ್ಲುತ್ತದೆ. 1422ರಲ್ಲಿ ಕಲಬುರಗಿಯಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ಸನ್ನಿಧಿಯನ್ನು ಉರ್ದು ಭಾಷಿಕರು ಹಾಗೆ ಕರೆಯುವುದುಂಟು. ಇಲ್ಲಿ ಒಂದು ಆಕಸ್ಮಿಕವನ್ನು ಗುರುತಿಸಬೇಕು. ಇಂಗ್ಲಿಷಿನ ‘ಬಾರ್’ ನ್ಯಾಯಸಭೆಗೆ ಸಂಬಂಧಿಸಿದ್ದು, ಫಾರಸಿಯ ‘ಬಾರ್’ ರಾಜಸಭೆಗೆ ಸಂಬಂಧಿಸಿದ್ದು. ಆದರೂ ಎರಡೂ ಬೇರೆ ಬೇರೆ. ಮೊದಲನೆಯದರ ಹಿಂದಿರುವುದು ತಡೆಯುವ ಕಲ್ಪನೆ, ಎರಡನೆಯದರ ಹಿಂದಿರುವುದು ಒಳಗೆ ಬಿಡುವ ಕಲ್ಪನೆ.

ಮೂರನೆಯದು ಸಲ, ಸರದಿ ಎಂಬರ್ಥದ ‘ಬಾರ್’. ಇದು ಸಂಸ್ಕೃತದ ‘ವಾರ’ಕ್ಕೆ ಸಜಾತಿ. ಮತ್ತೆ ಮತ್ತೆ ಎನ್ನಲು ದಖನಿಯಲ್ಲಿ ಬಳಸುವ ‘ಬಾರ್ ಬಾರ್’ ಕನ್ನಡಿಗರ ಮಾತಿನಲ್ಲಿಯೂ ನುಸುಳುತ್ತದೆ. ನಾಲ್ಕನೆಯದು ಮಳೆ ಸುರಿಸು ಎಂಬರ್ಥದ ಧಾತು. ‘ಬಾರಿಷ್’ ಎಂಬ ಪದದ ಮೂಲವಾದ ಇದು ಸಂಸ್ಕೃತದ ‘ವಾರಿ’ಗೆ ಬಂಧು.

ಕೆಲಸ ಎಂಬರ್ಥದ ‘ಕಾರ್’ ಜೊತೆಗೂಡಿ ಆದ ‘ಕಾರ್‌ಬಾರ್’ ಪದದ ಪ್ರಯಾಣ ಜಾನಪದ ದೃಷ್ಟಿಯಿಂದ ವಿಶೇಷ ಮಹತ್ವದ್ದು. ಮರಾಠಿ, ಕನ್ನಡಗಳಿಗೆ ಬಂದಾಗ ಅದು ಸಂಸ್ಕೃತದ ‘ಭಾರ’ದ ನೆನಪಿನಲ್ಲಿ ‘ಕಾರಭಾರ’ವಾಯಿತು, ನಿರ್ವಾಹಕನು ‘ಕಾರಭಾರಿ’ಯಾದನು. ಲಂಬಾಣಿ ತಾಂಡಾಗಳ ಪಾರಂಪರಿಕ ವ್ಯವಸ್ಥೆಯಲ್ಲಿ ನಾಯಕ, ಕಾರಭಾರಿ, ಡಾವೊ ಎಂಬ ಸ್ಥಾನಗಳು ಪ್ರಸಿದ್ಧ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಸಾಗುವ ದಾರಿಯಲ್ಲಿರುವ, 2018ರಿಂದ ತಾಲ್ಲೂಕು ಕೇಂದ್ರವಾಗಿರುವ ಕಮಲಾಪುರದ ಸುತ್ತಮುತ್ತ ಅನೇಕ ತಾಂಡಾಗಳಿವೆ. ಮದುವೆಯ ಮಾತುಕತೆ, ನ್ಯಾಯಪಂಚಾಯಿತಿ, ಹಬ್ಬದ ಸಿದ್ಧತೆಗಳಲ್ಲಿ ನಾಯಕನ ಜೊತೆ ಕಾರಭಾರಿಯ ಪಾತ್ರ ತಾಂಡಾ ಬದುಕಿನ ಅಂಗವಾಗಿ ಬಂದುದು. ಹೀಗೆ ಫಾರಸಿಯ ಕಚೇರಿಯ ಪದವೊಂದು ಲಿಖಿತ ದಾಖಲೆಗಳ ಹಂಗಿಲ್ಲದ ಮೌಖಿಕ ಪರಂಪರೆಯ ಸಮುದಾಯದೊಳಗೆ ಪದವಿಯ ಹೆಸರಾಗಿ ಬಾಳುತ್ತಿದೆ.

5. ದೇಶ್ಯವಾದ ‘ಬಾರ್’ಗಳು

ಕನ್ನಡದ ಸ್ವಂತ ಸಂಪತ್ತಿನಲ್ಲಿ ಮುಖ್ಯವಾಗಿ ಎರಡು ‘ಬಾರ್’ಗಳಿವೆ. ಒಂದು ‘ಬರ್’ ಧಾತುವಿನ ನಿಷೇಧರೂಪದಲ್ಲಿ ಕಾಣುವುದು: ಬಾರದು, ಬಾರದೆ, ಬಾರನು. ಇಲ್ಲಿ ಧಾತುವಿನ ಸ್ವರ ದೀರ್ಘವಾಗಿದೆ. ತಮಿಳಿನಲ್ಲಿ ಇದಕ್ಕೆ ಸಮಾನವಾದ ರೂಪಗಳು ವಕಾರದಿಂದ ಆರಂಭವಾಗುತ್ತವೆ. ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುವುದು ತಿಳಿದ ನಿಯಮ.

ಮತ್ತೊಂದು ಚರ್ಮದ ಪಟ್ಟಿ ಎಂಬರ್ಥದ ‘ಬಾರು’. ತಮಿಳಿನ ‘ವಾರ್’ ಇದರ ಜೊತೆಯದು. ‘ಬಾರುಕೋಲು’, ಕಲಬುರಗಿ ಭಾಗದ ಉಚ್ಚಾರದಲ್ಲಿ ‘ಬಾರಕೋಲ’, ಎಂದರೆ ಬಾರನ್ನು ಕಟ್ಟಿದ ಕೋಲು. ಚಪ್ಪಲಿಯ ಬಾರೂ ಇದೇ. ಎತ್ತಿನ ಬೇಸಾಯ ನಡೆಯುತ್ತಿದ್ದಾಗ ಮಿಣಿ, ಜತ್ತಿಗೆ, ಬಾರು ಮೊದಲಾದ ಚರ್ಮದ ಸಾಮಗ್ರಿಗಳನ್ನು ಒಕ್ಕಲಿಗೆ ಒದಗಿಸುವುದು ಚರ್ಮಕುಶಲಿಗಳ ಹೊಣೆಯಾಗಿತ್ತು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಆಯ ಸಲ್ಲುತ್ತಿತ್ತು. ಆ ದುಡಿಮೆಯಿಲ್ಲದೆ ನೇಗಿಲು ಹೊರಡುತ್ತಿರಲಿಲ್ಲ. ಆ ದುಡಿಮೆ ಮಾಡಿದವರನ್ನೇ ಊರು ಹೊರಗಿಟ್ಟಿತ್ತು. ನೈಲಾನ್ ಹಗ್ಗ, ಟ್ರ್ಯಾಕ್ಟರುಗಳು ಬಂದ ಮೇಲೆ ವಸ್ತುಗಳೊಡನೆ ಅವುಗಳ ಹೆಸರುಗಳೂ ಸರಿಯುತ್ತಿವೆ. ಬಾರುಕೋಲು ಮಾತ್ರ ರೈತ ಚಳವಳಿಗಳಲ್ಲಿ ಪ್ರತಿಭಟನೆಯ ಸಂಕೇತವಾಗಿ ಹೊಸ ಜೀವ ಪಡೆದಿದೆ.

ಕರ್ನಾಟಕದ ಇನ್ನೊಂದು ಅಂಚಿನಲ್ಲಿ, ತುಳುವಿನಲ್ಲಿ, ‘ಬಾರ್’ ಎಂದರೆ ಭತ್ತ. ಕಲಬುರಗಿಯ ತೊಗರಿ ವ್ಯಾಪಾರಿಗೂ ಉಡುಪಿಯ ಬೇಸಾಯಗಾರನಿಗೂ ಧಾನ್ಯದ ಸಂದರ್ಭದಲ್ಲಿಯೇ ಈ ಧ್ವನಿ ಕೇಳಿಸುತ್ತದೆ. ಆದರೆ ಒಬ್ಬನಿಗೆ ಅದು ಚೀಲದ ಹೆಸರಿನ ಭಾಗ, ಇನ್ನೊಬ್ಬನಿಗೆ ಚೀಲದೊಳಗಿನ ಕಾಳಿನ ಹೆಸರು.

6. ಹನ್ನೆರಡರ ‘ಬಾರಾ’

ಸಂಸ್ಕೃತದ ‘ದ್ವಾದಶ’ವು ಪ್ರಾಕೃತದಲ್ಲಿ ಸವೆದು ಹಿಂದಿ, ಮರಾಠಿ, ಉರ್ದುಗಳಲ್ಲಿ ‘ಬಾರಾ’ ಆಯಿತು. ವಿಜಯಪುರದ ‘ಬಾರಾ ಕಮಾನ್’ ಎಂಬ ಸ್ಮಾರಕದ ಹೆಸರಿನಲ್ಲಿ, ಮೊಹರಂ ಸಂದರ್ಭದಲ್ಲಿ ನೆನೆಯುವ ‘ಬಾರಾ ಇಮಾಮ್’ ಎಂಬ ಮಾತಿನಲ್ಲಿ ಇದೇ ಸಂಖ್ಯೆಯಿದೆ. ಗ್ರಾಮದ ಹನ್ನೆರಡು ಕಸಬುದಾರರನ್ನು ಹೇಳುವ ‘ಬಾರಾ ಬಲೂತಿ’ ಮರಾಠಿಯ ದಾರಿಯಲ್ಲಿ ಉತ್ತರ ಕರ್ನಾಟಕಕ್ಕೆ ಬಂದಿತು. ಕನ್ನಡದಲ್ಲಿ ಇವರಿಗೆ ‘ಆಯಗಾರರು’ ಎಂಬ ಹೆಸರಿದೆ. ಬಡಿಗ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಮೊದಲಾದವರ ಈ ಪಟ್ಟಿ ಊರಿನಿಂದ ಊರಿಗೆ ವ್ಯತ್ಯಾಸವಾಗುತ್ತದೆ. ಹನ್ನೆರಡೆಂಬುದು ಎಣಿಕೆಗಿಂತ ಪೂರ್ಣತೆಯ ಸಂಕೇತ. ಈ ‘ಬಾರಾ’ ಮಂದಿಯೊಳಗೆ ‘ಬಾರು’ ಹೊಸೆಯುವವನೂ ಒಬ್ಬ. ಆಡುನುಡಿಯಲ್ಲಿ ಅಕ್ಕಪಕ್ಕ ಕುಳಿತ ಈ ಎರಡು ಪದಗಳ ಹುಟ್ಟೂರುಗಳು ಮಾತ್ರ ಬಹುದೂರ.

7. ಭಾಷಿಕರ ವಿವೇಕ

ಇಷ್ಟೊಂದು ಪದಗಳು ಒಂದೇ ಧ್ವನಿಯಲ್ಲಿ ಸೇರಿದರೂ ಮಾತಾಡುವವರಿಗೆ ಗೊಂದಲವಾಗುವುದು ಕಡಿಮೆ. ಅದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ಅಂತ್ಯಸ್ವರ: ಬಾರ್, ಬಾರು, ಬಾರಿ, ಬಾರಾ ಎಂಬ ಭೇದಗಳನ್ನು ಕನ್ನಡ ಉಳಿಸಿಕೊಂಡಿದೆ. ಎರಡನೆಯದು ಸಹಚರ ಪದ: ‘ಬಾರು’ವಿನ ಜೊತೆ ಕೋಲು ಬಂದಾಗ ಚರ್ಮ, ‘ಮಾಡು’ ಬಂದಾಗ ಮದ್ದು. ಮೂರನೆಯದು ಸನ್ನಿವೇಶ: ನ್ಯಾಯಾಲಯದ ಆವರಣದಲ್ಲಿ ಕೇಳಿದ ‘ಬಾರ್’ ಸಂಜೆ ಬೀದಿಯಲ್ಲಿ ಕೇಳಿದ ‘ಬಾರ್’ ಅಲ್ಲವೆಂಬುದು ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ.

ಆದರೆ ಬರವಣಿಗೆಯಲ್ಲಿ, ವಿಭಕ್ತಿ ಪ್ರತ್ಯಯ ಹತ್ತಿದಾಗ, ಈ ಆಸರೆಗಳು ಕಳಚುತ್ತವೆ. ‘ಒಂದು ಬಾರಿಗೆ ಅನುಮತಿ ನೀಡಲಾಗಿದೆ’ ಎಂಬ ವಾಕ್ಯ ಒಂದು ಸಲಕ್ಕೆ ಕೊಟ್ಟ ಅನುಮತಿಯನ್ನೂ ಹೇಳಬಲ್ಲದು, ಒಂದು ಮದ್ಯದಂಗಡಿಗೆ ಕೊಟ್ಟ ಅನುಮತಿಯನ್ನೂ ಹೇಳಬಲ್ಲದು. ಮಹಾಪ್ರಾಣದ ವಿಷಯದಲ್ಲಿಯೂ ಹೀಗೆಯೇ. ಕನ್ನಡದ ಆಡುನುಡಿಯಲ್ಲಿ ‘ಭಾರ’ವು ‘ಬಾರ’ವಾಗುವುದು ಸಹಜ. ಈ ಉಚ್ಚಾರವನ್ನು ತಪ್ಪೆಂದು ಭಾವಿಸಿ ತಿದ್ದಲು ಹೊರಟವರು ‘ಈ ಬಾರಿ’ ಎಂದಿರಬೇಕಾದಲ್ಲಿ ‘ಈ ಭಾರಿ’ ಎಂದು ಬರೆಯುತ್ತಾರೆ. ‘ಕಾರಭಾರ’ದಲ್ಲಿ ಶತಮಾನಗಳ ಹಿಂದೆ ನಡೆದ ಮಹಾಪ್ರಾಣದ ಸೇರ್ಪಡೆ ಇಂದಿಗೂ ನಡೆಯುತ್ತಿರುವ ಪ್ರಕ್ರಿಯೆ ಎಂಬುದು ಇದರಿಂದ ತಿಳಿಯುತ್ತದೆ.

8. ನಿಘಂಟು ಮತ್ತು ಸಂಗ್ರಹಕಾರ್ಯಕ್ಕೆ ಇದರ ಪ್ರಸ್ತುತತೆ

1894ರ ಕಿಟ್ಟೆಲ್ ಅವರ ನಿಘಂಟು ಹಿಂದೂಸ್ತಾನಿ, ಮರಾಠಿ ಮೂಲದ ಪದಗಳಿಗೆ ಗುರುತು ಹಾಕುವ ಶಿಸ್ತನ್ನು ಪಾಲಿಸಿತು. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು ದೇಶ್ಯ ಪದಗಳ ಬಂಧುತ್ವವನ್ನು ತೋರಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಶಾಸನ ಹಾಗೂ ಗ್ರಂಥಗಳ ಪ್ರಯೋಗಗಳನ್ನು ಆಧರಿಸಿ ಅರ್ಥಗಳನ್ನು ನಿರೂಪಿಸಿತು. ಈ ಅಡಿಪಾಯದ ಮೇಲೆ ಇನ್ನು ಆಗಬೇಕಾದ ಕೆಲಸ ಆಡುನುಡಿಯ ಪದಗಳನ್ನು ಪ್ರದೇಶ, ಕಸಬು, ಸಮುದಾಯಗಳ ವಿವರದೊಡನೆ ದಾಖಲಿಸುವುದು.

ಜಾನಪದ ಸಂಗ್ರಾಹಕರಿಗೆ ಇದು ಪ್ರತಿದಿನದ ಪ್ರಶ್ನೆ. ವೀರನೊಬ್ಬನ ಲಾವಣಿಯಲ್ಲಿ ಬಂದ ‘ಬಾರು’ ಎಂಬುದಕ್ಕೆ ಸಂಪಾದಕರು ‘ಚರ್ಮದ ಪಟ್ಟಿ’ ಎಂದು ಟಿಪ್ಪಣಿ ಬರೆದರೆ ಬಂದೂಕಿನ ಸದ್ದೇ ಆ ಹಾಡಿನಿಂದ ಹೊರಟುಹೋಗುತ್ತದೆ. ಒಕ್ಕಲುತನದ ಹಾಡಿನ ‘ಬಾರು’ವಿಗೆ ‘ಬಂದೂಕಿನ ಮದ್ದು’ ಎಂದು ಬರೆದರೆ ಚರ್ಮ ಹದಮಾಡಿದವರ ದುಡಿಮೆ ಕಣ್ಮರೆಯಾಗುತ್ತದೆ. ತಾಂಡಾದ ‘ಕಾರಭಾರಿ’ಯನ್ನು ‘ಭಾರ ಹೊರುವವನು’ ಎಂದು ಬಿಡಿಸಿದರೆ ಒಂದು ಸಮುದಾಯದ ಆಡಳಿತ ವ್ಯವಸ್ಥೆ ಕೂಲಿಯ ಕೆಲಸವಾಗಿ ಓದಿಸಿಕೊಳ್ಳುತ್ತದೆ. ಒಂದು ಟಿಪ್ಪಣಿಯ ತಪ್ಪು ಒಂದು ಜನವರ್ಗದ ಚರಿತ್ರೆಯ ತಪ್ಪಾಗುವುದು ಹೀಗೆ.

ಆದುದರಿಂದ ಇಂತಹ ಪದಗಳನ್ನು ಒಂದೇ ಉಲ್ಲೇಖದ ಅಡಿಯಲ್ಲಿ ಹಲವು ಅರ್ಥಗಳೆಂದು ಕೊಡದೆ, ಮೂಲಾನುಸಾರ ಪ್ರತ್ಯೇಕ ಉಲ್ಲೇಖಗಳಾಗಿ ಕೊಡುವುದು ಅಗತ್ಯ. ಇಂಗ್ಲಿಷಿನ ತೊಲೆ, ಗ್ರೀಕಿನ ತೂಕ, ಫಾರಸಿಯ ಹೊರೆ, ಸಭೆ, ಸರದಿ ಮತ್ತು ಮಳೆ, ಪ್ರಾಕೃತದ ಹನ್ನೆರಡು, ಕನ್ನಡದ ಚರ್ಮ ಮತ್ತು ಆಗಮನ – ಇವು ಒಂದು ಪದದ ಅರ್ಥವಿಸ್ತಾರವಲ್ಲ. ಒಂದು ಉಚ್ಚಾರದಲ್ಲಿ ಬಂದು ಸೇರಿದ ಬೇರೆ ಬೇರೆ ಪದಗಳು. ಸಂಗ್ರಹದ ವೇಳೆ ಧ್ವನಿಮುದ್ರಣದ ಜೊತೆಗೆ ಹೇಳಿದವರ ಕಸಬು, ಊರು, ಮನೆಮಾತುಗಳನ್ನು ಬರೆದಿಡುವುದು, ಪದದ ಅರ್ಥವನ್ನು ಅವರಿಂದಲೇ ಕೇಳಿಕೊಳ್ಳುವುದು ಇದಕ್ಕೆ ಪೂರ್ವಸಿದ್ಧತೆ. ಎತ್ತಿನ ಬೇಸಾಯವನ್ನು ನಡೆಸಿದವರು, ನಿಜಾಮರ ಕಾಲದ ದಫ್ತರಿನ ಭಾಷೆಯನ್ನು ಕೇಳಿ ಬೆಳೆದವರು ದಿನೇ ದಿನೇ ವಿರಳರಾಗುತ್ತಿದ್ದಾರೆ. ಅವರ ನಾಲಿಗೆಯ ಮೇಲೆ ಇನ್ನೂ ಬೇರೆ ಬೇರೆಯಾಗಿರುವ ಈ ಪದಗಳು ಮುಂದಿನವರ ಕಿವಿಗೆ ಫಲಕದ ಮೇಲಿನ ಒಂದೇ ‘ಬಾರ್’ ಆಗಿ ಉಳಿಯುವ ಮೊದಲು ಈ ಕಾರ್ಯ ನಡೆಯಬೇಕಾಗಿದೆ.